ಡೀಸೆಲ್‌ಗೆ ನೀರು ಸೇರಿದೆ ಅಂತ ಅನುಮಾನವೇ? ಲಾರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಶುರುವಾಯಿತು ಅಂದರೆ ನನಗೆ ಬರುವ ಫೋನು, ಮೆಸೇಜುಗಳಲ್ಲಿ ಜಾಸ್ತಿ ಇದೇ ವಿಷಯ. ಹಾಸನ, ಸಕಲೇಶಪುರ ಕಡೆ ಗಾಡಿ ಇಟ್ಟುಕೊಂಡವರು, ಡ್ರೈವರ್‌ಗಳು, ಹೊಸದಾಗಿ ಒಂದು ಟಿಪ್ಪರ್ ತೆಗೆದುಕೊಂಡವರು, ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯಲ್ಲೂ ಲಾರಿಗಳಿವೆ, ಈ ಕಷ್ಟ ನಾವೂ ಪಟ್ಟಿದ್ದೇವೆ. ಹಾಗಾಗಿ ಕೇಳಿದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಮೊದಲೇ ಒಂದು ಮಾತು. ನೀರು ಎಷ್ಟಿದೆ, ಎಲ್ಲಿಂದ ಬಂತು ಅಂತ ಗೊತ್ತಾಗುವ ತನಕ ಒಂದು ಪಾರ್ಟನ್ನೂ ಬದಲಾಯಿಸಬೇಡಿ.

## ಮೊದಲು ತಿಳಿಯಬೇಕಾದದ್ದು

"ಅಣ್ಣಾ, ನೀರು ಸೇರಿದೆ ಅಂತ ಗಾಡಿ ಓಡಿಸುವಾಗಲೇ ಗೊತ್ತಾಗುತ್ತಾ?"

ಗೊತ್ತಾಗುತ್ತದೆ, ಆದರೆ ಒಂದೇ ಲಕ್ಷಣ ನೋಡಿ ತೀರ್ಮಾನ ಮಾಡಬೇಡಿ. ಚೆನ್ನಾಗಿ ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಮಿಸ್ ಹೊಡೆಯುತ್ತದೆ. ಆಕ್ಸಿಲರೇಟರ್ ಒತ್ತಿದರೂ ಪಿಕಪ್ ಬರಲ್ಲ. ನಿಂತಲ್ಲಿ ಐಡಲ್ ಏರುಪೇರಾಗುತ್ತದೆ. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಇವೆಲ್ಲ ಬೇರೆ ಕಾರಣಕ್ಕೂ ಬರಬಹುದು, ಅಲ್ವಾ? ಅದಕ್ಕೆ ನಾನು ಮೊದಲು ಕೇಳುವುದು ಲಕ್ಷಣ ಅಲ್ಲ, ದಿನ. ಯಾವತ್ತು ಶುರುವಾಯಿತು? ಡೀಸೆಲ್ ಹಾಕಿಸಿದ ಮೇಲಾ, ರಾತ್ರಿಯಿಡೀ ಮಳೆ ಹೊಯ್ದ ಮೇಲಾ, ವಾಟರ್ ಸರ್ವಿಸ್ ಮಾಡಿಸಿದ ಮೇಲಾ? ಈ ಮೂರರಲ್ಲಿ ಒಂದಕ್ಕೆ ಹೌದು ಅಂದರೆ ನೀರಿನ ಅನುಮಾನ ಗಟ್ಟಿಯಾಗುತ್ತದೆ.

"ಡ್ಯಾಶ್‌ಬೋರ್ಡಲ್ಲಿ ನೀರಿನ ಲೈಟ್ ಬಂದಿದೆ. ಲೋಡ್ ಇಳಿಸಿ ಬಂದು ನೋಡಿದ್ರೆ ಆಗಲ್ವಾ?"

ಆಗಲ್ಲ. ಎಲ್ಲಿ ಸುರಕ್ಷಿತ ಜಾಗ ಇದೆಯೋ ಅಲ್ಲಿ ಸೈಡಿಗೆ ಹಾಕಿ, ಎಂಜಿನ್ ಆಫ್ ಮಾಡಿ.

ಆ ಲೈಟ್ ಹತ್ತುವ ಬಗೆ ಬಹಳ ಸರಳ. ಡೀಸೆಲ್‌ನಿಂದ ನೀರನ್ನು ಬೇರೆ ಮಾಡಿ ಹಿಡಿದಿಡುವ ಬಟ್ಟಲು ಇದೆಯಲ್ಲ, ಆ ವಾಟರ್ ಸೆಪರೇಟರ್ ಬೌಲ್‌ನ ಕೆಳಗೆ ಎರಡು ಸಣ್ಣ ಕಡ್ಡಿಗಳಿರುವ ಸೆನ್ಸಾರ್ ಇರುತ್ತದೆ. ಡೀಸೆಲ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ನೀರಿನಲ್ಲಿ ಹರಿಯುತ್ತದೆ. ಬೌಲ್‌ನಲ್ಲಿ ನೀರು ಏರಿ ಎರಡೂ ಕಡ್ಡಿಗಳನ್ನು ಮುಟ್ಟಿದಾಗ ಲೈಟ್ ಬರುತ್ತದೆ. ಅಂದರೆ ಲೈಟ್ ಬರುವ ಹೊತ್ತಿಗೆ ಬೌಲ್‌ನಲ್ಲಿ ನೀರು ಆಗಲೇ ಸಾಕಷ್ಟು ತುಂಬಿದೆ, ಇನ್ನು ಸ್ವಲ್ಪ ಏರಿದರೆ ಎಂಜಿನ್‌ಗೆ ಡೀಸೆಲ್ ಒತ್ತುವ ಪಂಪಿನ ಕಡೆ ಹೋಗುತ್ತದೆ. ಹತ್ತು ನಿಮಿಷ ನಿಂತು ಬೌಲ್ ಖಾಲಿ ಮಾಡಿದರೆ ಬಾಡಿಗೆ ತಪ್ಪುವುದಿಲ್ಲ. ಪಂಪ್ ಹೋದರೆ ಆ ತಿಂಗಳ ಬಾಡಿಗೆ ಎಲ್ಲ ಹೋಗುತ್ತದೆ.

"ನಾಲ್ಕು ಹನಿ ನೀರಿಗೆ ಇಷ್ಟು ಭಯ ಯಾಕೆ? ನಮ್ಮಪ್ಪನ ಕಾಲದ ಗಾಡಿ ನೀರು ಕುಡ್ಕೊಂಡೇ ಓಡ್ತಿತ್ತು"

ಓಡುತ್ತಿತ್ತು, ನಿಜ. ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳು ಸ್ವಲ್ಪ ನೀರು ಬಂದರೆ ಕೆಮ್ಮಿ, ಹೊಗೆ ಬಿಟ್ಟು, ಮುಂದೆ ಹೋಗುತ್ತಿದ್ದವು. ಈಗಿನವು ಕಾಮನ್ ರೈಲ್, ಅಂದರೆ ರೈಲ್ ಅನ್ನುವ ಒಂದೇ ದಪ್ಪ ಪೈಪಿನಲ್ಲಿ ಡೀಸೆಲ್ ಭಾರೀ ಒತ್ತಡದಲ್ಲಿ ನಿಂತು ಅಲ್ಲಿಂದ ಎಲ್ಲ ಸಿಲಿಂಡರ್‌ಗೂ ಹೋಗುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ಮಿತಿಯ ನಿಯಮ ಬಂದ ಮೇಲಂತೂ ಹೊಸ ಲಾರಿಗಳೆಲ್ಲ ಹಾಗೇ. ರೈಲ್‌ನಲ್ಲಿ ಒತ್ತಡ 1,600ರಿಂದ 2,000 ಬಾರ್ ತನಕ ಹೋಗುತ್ತದೆ. ಲಾರಿ ಟೈರಿಗೆ ನಾವು ಹೊಡೆಸುವ ಗಾಳಿ ಸುಮಾರು 8 ಬಾರ್. ಅದರ ಇನ್ನೂರು ಪಟ್ಟು, ಇನ್ನೂರೈವತ್ತು ಪಟ್ಟು ಒತ್ತಡ ಇದು.

ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಒಳಗಿನ ಸೂಜಿಗೂ ಅದರ ಗೂಡಿಗೂ ಇರುವ ಸಂದು ಎರಡು ಮೂರು ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಅಷ್ಟು ಸಣ್ಣ ಸಂದಿನಲ್ಲಿ ಲೋಹಕ್ಕೆ ಲೋಹ ಉಜ್ಜದ ಹಾಗೆ ಕಾಯುವುದು ಡೀಸೆಲ್ಲೇ, ಅಲ್ಲಿ ಬೇರೆ ಆಯಿಲ್ ಇಲ್ಲ. ಡೀಸೆಲ್ ಜಾಗಕ್ಕೆ ನೀರು ಬಂದರೆ ಆ ಜಿಡ್ಡು ಹೋಗುತ್ತದೆ. ಪಂಪ್ ಒಣಗಿ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ, ನೋಝಲ್ ತುದಿಯ ಬಿಸಿಗೆ ನೀರು ಹಬೆಯಾಗಿ ಹಿಗ್ಗಿ ತುದಿಯನ್ನೇ ಹಾಳು ಮಾಡುತ್ತದೆ.

## ಕೈಯಲ್ಲೇ ನೋಡಿಕೊಳ್ಳುವುದು

"ಬೌಲ್‌ನಿಂದ ನೀರು ಬಿಡೋದು ಹೇಗೆ? ಡ್ರೈವರ್ ಒಬ್ಬನೇ ಮಾಡಬಹುದಾ?"

ಮಾಡಬಹುದು, ಮಾಡಲೇಬೇಕು. ಪ್ರತಿ ಡ್ರೈವರ್‌ಗೂ ಇದು ಟೈರ್ ತಟ್ಟಿ ನೋಡಿದಷ್ಟೇ ಅಭ್ಯಾಸ ಆಗಬೇಕು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಮಾಡಿದರೆ ಒಳ್ಳೆಯದು, ರಾತ್ರಿಯಿಡೀ ನಿಂತಿದ್ದರಿಂದ ನೀರು ಕೆಳಗೆ ಕೂತಿರುತ್ತದೆ.

ಎಂಜಿನ್ ಆಫ್ ಇರಲಿ, ಹತ್ತಿರ ಬೀಡಿ ಸಿಗರೇಟು ಬೇಡ. ಬೌಲ್ ಕೆಳಗೆ ಒಂದು ಪಾರದರ್ಶಕ ಬಾಟಲಿ ಹಿಡಿಯಿರಿ. ಒಂದು ಲೀಟರ್ ನೀರಿನ ಬಾಟಲಿ ಸಾಕು, ಆದರೆ ಒಳಗೆ ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ನಾವೇ ಹಾಕಿದ ನೀರನ್ನು ನಾವೇ ನೋಡಿ ಗಾಬರಿಯಾಗುತ್ತೇವೆ. ಕೆಳಗಿನ ಡ್ರೇನ್ ತಿರುಪನ್ನು ಕೈಯಲ್ಲೇ ಒಂದೆರಡು ಸುತ್ತು ಸಡಿಲ ಮಾಡಿ. ಹರಿಯದಿದ್ದರೆ ಮೇಲಿನ ಏರ್ ಸ್ಕ್ರೂ ಸ್ವಲ್ಪ ಬಿಚ್ಚಿ, ಇಲ್ಲವೇ ಹ್ಯಾಂಡ್ ಪ್ರೈಮರ್, ಅಂದರೆ ಕೈಯಲ್ಲಿ ಒತ್ತಿ ಡೀಸೆಲ್ ತುಂಬಿಸುವ ಸಣ್ಣ ಪಂಪು, ಒಂದೆರಡು ಸಲ ಒತ್ತಿ. ಶುದ್ಧ ಡೀಸೆಲ್ ಬರುವ ತನಕ ಬಿಡಿ, ಆಮೇಲೆ ತಿರುಪು ಮುಚ್ಚಿ. ಸ್ಪ್ಯಾನರ್ ಹಾಕಿ ಬಿಗಿ ಮಾಡಬೇಡಿ, ಬಹಳ ಗಾಡಿಗಳಲ್ಲಿ ಅದು ಪ್ಲಾಸ್ಟಿಕ್. ಕೊನೆಗೆ ಪ್ರೈಮರ್ ಕೈಗೆ ಗಟ್ಟಿಯಾಗುವ ತನಕ ಒತ್ತಿ ಸ್ಟಾರ್ಟ್ ಮಾಡಿ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಹಳೇ ಗಾಡಿಯಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ಗಾಳಿ ತೆಗೆಯುತ್ತಿದ್ದೆವು. ಕಾಮನ್ ರೈಲ್ ಗಾಡಿಯಲ್ಲಿ ಅದನ್ನು ಯಾವತ್ತೂ ಮಾಡಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನು ತೂತು ಮಾಡಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ, ಒಳಗೆ ಬೆರಳನ್ನೇ ಕತ್ತರಿಸುವ ಪರಿಸ್ಥಿತಿ ಬರಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

"ಬಾಟಲಿಯಲ್ಲಿ ಬಂದಿದ್ದು ನೀರೋ ಡೀಸೆಲ್ಲೋ ಗೊತ್ತಾಗ್ತಿಲ್ಲ, ಎರಡೂ ಒಂದೇ ಥರ ಕಾಣುತ್ತೆ"

ಬಾಟಲಿಯನ್ನು ಅಲ್ಲಾಡಿಸದೆ ಅರ್ಧ ಗಂಟೆ ನಿಲ್ಲಿಸಿ. ಡೀಸೆಲ್ ನೀರಿಗಿಂತ ಹಗುರ. ಒಂದು ಲೀಟರ್ ನೀರು ಒಂದು ಕೆಜಿ, ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ. ಹಾಗಾಗಿ ನೀರು ತಳಕ್ಕೆ ಹೋಗುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ನಡುವೆ ಒಂದು ಗೆರೆ ಕಾಣುತ್ತದೆ. ಬಾಟಲಿಯನ್ನು ಮೆಲ್ಲಗೆ ಓರೆ ಮಾಡಿ, ತಳದ ಮೂಲೆಗೆ ನೀರಿನ ಗುಂಡು ಹನಿಗಳು ಪಾದರಸದ ಹಾಗೆ ಜಾರಿ ಬಂದು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಅದನ್ನು ಒಂದು ಸಲ ನೋಡಿದವರಿಗೆ ಮತ್ತೆ ಅನುಮಾನ ಬರಲ್ಲ.

ಬಾಟಲಿ ಪೂರ್ತಿ ಒಂದೇ ಬಣ್ಣ, ಗೆರೆಯೇ ಇಲ್ಲ ಅಂದರೆ ಎರಡು ಸಾಧ್ಯತೆ. ಎಲ್ಲವೂ ಡೀಸೆಲ್, ಅಥವಾ ಎಲ್ಲವೂ ನೀರು! ಆಗ ಅಡುಗೆಮನೆಯ ಕೇಸರಿಬಾತಿನ ಬಣ್ಣ ಒಂದು ಚಿಟಿಕೆ ಹಾಕಿ. ಆ ಬಣ್ಣ ನೀರಿನಲ್ಲಿ ಮಾತ್ರ ಕರಗುತ್ತದೆ. ಡೀಸೆಲ್ ಇದ್ದರೆ ಪುಡಿ ಹಾಗೇ ತಳಕ್ಕೆ ಇಳಿಯುತ್ತದೆ, ತಳದಲ್ಲಿ ನೀರಿದ್ದರೆ ಅಷ್ಟು ಭಾಗ ಮಾತ್ರ ಕೆಂಪು ಕಿತ್ತಳೆಯಾಗುತ್ತದೆ.

ಇನ್ನು ಡೀಸೆಲ್ ಮಜ್ಜಿಗೆ ನೀರಿನ ಹಾಗೆ ಮಬ್ಬಾಗಿದ್ದರೆ ನೀರು ಸಣ್ಣ ಕಣಗಳಾಗಿ ಬೆರೆತುಹೋಗಿದೆ ಅಂತ. ಇದು ತಳ ಸೇರಲು ಒಂದು ದಿನ ಬೇಕಾಗಬಹುದು. ಸೆಪರೇಟರ್‌ಗೂ ಇದನ್ನು ಹಿಡಿಯುವುದು ಕಷ್ಟ.

ಬಾಟಲಿ ಮೇಲೆ ತಾರೀಕು, ಕಿಲೋಮೀಟರ್ ರೀಡಿಂಗ್, ಎಲ್ಲಿಂದ ತೆಗೆದದ್ದು ಅಂತ ಬರೆದು ಇಟ್ಟುಕೊಳ್ಳಿ, ಚೆಲ್ಲಬೇಡಿ. ಮುಂದೆ ಗ್ಯಾರೇಜಿನವರ ಹತ್ತಿರವಾಗಲಿ ಬಂಕ್‌ನವರ ಹತ್ತಿರವಾಗಲಿ ಮಾತಾಡುವಾಗ ನಿಮ್ಮ ಕೈಯಲ್ಲಿ ಇರುವ ಸಾಕ್ಷಿ ಅದೊಂದೇ.

"ಕಾದ ಹೆಂಚಿನ ಮೇಲೆ ಡೀಸೆಲ್ ಹಾಕಿ ಚಟಪಟ ಅಂದ್ರೆ ನೀರು ಅಂತಾರಲ್ಲ, ಮಾಡಲಾ?"

ಬೇಡ. ಬೆಂಕಿ ಹತ್ತಿಕೊಳ್ಳುತ್ತದೆ. ಬಾಟಲಿ ಸಾಕು.

"ಶಿರಾಡಿ ಹತ್ತುವಾಗ ಮಾತ್ರ ಆಫ್ ಆಗುತ್ತೆ, ಹಾಸನದಿಂದ ಬೆಂಗಳೂರಿಗೆ ಸರಿಯಾಗೇ ಓಡುತ್ತೆ. ಇದು ನೀರೇನಾ?"

ಆಗಿರಬಹುದು. ಇದಕ್ಕೆ ಟ್ಯಾಂಕಿನ ಒಳಗೆ ಏನಿದೆ ಅಂತ ಗೊತ್ತಿರಬೇಕು. ಡೀಸೆಲ್ ಎಳೆಯುವ ಪೈಪು ತಳವನ್ನು ಮುಟ್ಟಿರುವುದಿಲ್ಲ. ತಳದ ಕಸ, ನೀರು ಬರದಿರಲಿ ಅಂತ ಸ್ವಲ್ಪ ಮೇಲೇ ನಿಲ್ಲಿಸಿರುತ್ತಾರೆ. ಬಯಲು ರಸ್ತೆಯಲ್ಲಿ ತಳದ ನೀರು ತೆಳ್ಳಗೆ ಹರಡಿಕೊಂಡು ಪೈಪಿಗೆ ಸಿಗದೆ ಕೂತಿರುತ್ತದೆ. ಘಾಟಿಯ ಬುಡದ ಗುಂಡ್ಯ ದಾಟಿ ಏರು ಶುರುವಾದ ಕೂಡಲೇ ಗಾಡಿ ಓರೆಯಾಗುತ್ತದೆ, ತಳದ ನೀರೆಲ್ಲ ಹಿಂದಿನ ಮೂಲೆಗೆ ಬರುತ್ತದೆ. ಅಲ್ಲೇ ಪೈಪಿದ್ದರೆ ಒಂದು ಗುಟುಕು ನೀರು ನೇರ ಲೈನಿಗೆ. ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ, ಹೊಂಡಕ್ಕೆ ಬಿದ್ದಾಗಲೂ ಹೀಗೇ. ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇದ್ದಾಗ ಕುಲುಕಾಟ ಇನ್ನೂ ಜಾಸ್ತಿ.

ಆದರೆ ಏರಿನಲ್ಲಿ ಸೋಲುವುದಕ್ಕೆ ಕಟ್ಟಿಕೊಂಡ ಫಿಲ್ಟರ್ ಕೂಡ ಕಾರಣ ಆಗಬಹುದು. ವ್ಯತ್ಯಾಸ ಹೀಗೆ: ಫಿಲ್ಟರ್ ಕಟ್ಟಿದ್ದರೆ ಲೋಡ್ ಬಿದ್ದ ಏರಿನಲ್ಲೆಲ್ಲ ಒಂದೇ ಸಮ ಎಳೆಯಲ್ಲ. ನೀರಾದರೆ ಒಮ್ಮೆ ಸರಿ, ಒಮ್ಮೆ ಜರ್ಕ್, ಮತ್ತೆ ಸರಿ.

"ನೀರಲ್ಲ ಗಾಳಿ ಎಳೀತಿದೆ ಅಂತ ಇನ್ನೊಬ್ಬ ಮೆಕ್ಯಾನಿಕ್ ಅಂತಾರೆ. ಯಾರನ್ನ ನಂಬೋದು?"

ಯಾರನ್ನೂ ನಂಬಬೇಕಾಗಿಲ್ಲ, ನೋಡಿದರೆ ಗೊತ್ತಾಗುತ್ತದೆ. ಗಾಳಿ ಎಳೆಯುವ ಗಾಡಿ ರಾತ್ರಿ ನಿಂತರೆ ಬೆಳಿಗ್ಗೆ ಪ್ರೈಮರ್ ಮೆತ್ತಗಾಗಿರುತ್ತದೆ, ಒತ್ತಿದರೆ ಸ್ಟಾರ್ಟ್ ಆಗುತ್ತದೆ, ಮಾರನೇ ದಿನ ಮತ್ತೆ ಅದೇ ಕಥೆ. ಫಿಲ್ಟರ್ ಹತ್ತಿರ ಒಂದು ತುಂಡು ಪಾರದರ್ಶಕ ಪೈಪ್ ಹಾಕಿ ನೋಡಿದರೆ ಗುಳ್ಳೆಗಳು ಓಡುವುದು ಕಾಣುತ್ತದೆ. ಟ್ಯಾಂಕಿಂದ ಫೀಡ್ ಪಂಪಿನ ತನಕ ಇರುವ ಲೈನ್ ಎಳೆಯುವ ಲೈನ್, ಅಲ್ಲಿ ಸೀಳಿದ್ದರೆ ಡೀಸೆಲ್ ಹೊರಗೆ ಸೋರದಿದ್ದರೂ ಗಾಳಿ ಒಳಗೆ ಬರಬಹುದು.

ಬಿಳಿ ಹೊಗೆ ಮಾತ್ರ ಇದ್ದರೆ ರೇಡಿಯೇಟರ್ ನೀರನ್ನೂ ನೋಡಿ. ದಿನಾ ಕೂಲಂಟ್ ಕಡಿಮೆಯಾಗುತ್ತಿದ್ದರೆ ತೊಂದರೆ ಹೆಡ್ ಗ್ಯಾಸ್ಕೆಟ್ ಕಡೆ ಇರಬಹುದು, ಸುಮ್ನೆ ಡೀಸೆಲ್ ಟ್ಯಾಂಕ್ ಬಿಚ್ಚಬೇಡಿ.

## ನೀರು ಬಂದದ್ದು ಎಲ್ಲಿಂದ

"ಸಂಜೆ ಟ್ಯಾಂಕ್ ಫುಲ್ ಮಾಡಿಟ್ರೆ ಒಳಗೆ ನೀರು ಕಟ್ಟಲ್ಲ ಅಂತಾರೆ. ಹೌದಾ?"

ಹೌದು, ಆದರೆ ಅದನ್ನೇ ದೊಡ್ಡ ಕಾರಣ ಅಂದುಕೊಳ್ಳಬೇಡಿ. ಒಂದು ಲೆಕ್ಕ ಹಾಕೋಣ. 300 ಲೀಟರ್ ಟ್ಯಾಂಕ್, ಅರ್ಧ ಖಾಲಿ, ಅಂದರೆ 150 ಲೀಟರ್ ಗಾಳಿ. ಮಳೆಗಾಲದ ತೇವದ ಗಾಳಿ 30 ಡಿಗ್ರಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರಿನ ಆವಿ ಹಿಡಿಯುತ್ತದೆ, 20 ಡಿಗ್ರಿಗೆ ಇಳಿದರೆ 17 ಗ್ರಾಂ. ಒಂದು ಘನ ಮೀಟರ್ ಅಂದರೆ ಸಾವಿರ ಲೀಟರ್. ನಮ್ಮ 150 ಲೀಟರ್ ಗಾಳಿಯಿಂದ ಒಂದು ರಾತ್ರಿಗೆ ಹನಿಯಾಗುವುದು ಎರಡು ಎಂಎಲ್, ಅರ್ಧ ಟೀ ಚಮಚವೂ ಇಲ್ಲ. ತಿಂಗಳಿಡೀ ಹಾಗೇ ಆದರೂ 60 ಎಂಎಲ್.

ಹಾಗಾಗಿ ಬೌಲ್‌ನಲ್ಲಿ ತಿಂಗಳಿಗೆ ಒಂದೆರಡು ಚಮಚ ಬಂದರೆ ಇಬ್ಬನಿ ನೀರು ಅಂತ ಒಪ್ಪಬಹುದು. ಅರ್ಧ ಲೀಟರ್ ಬಂದಿದ್ದರೆ ಖಂಡಿತ ಅಲ್ಲ, ಅದು ಬೇರೆ ಕಡೆಯಿಂದ ಬಂದಿದೆ. "ಮಲ್ನಾಡ್ ಅಲ್ವಾ, ಚಳಿಗೆ ನೀರು ಕಟ್ಟುತ್ತೆ ಬಿಡಿ" ಅಂತ ಗ್ಯಾರೇಜಿನಲ್ಲಿ ಹೇಳಿದರೆ ಈ ಲೆಕ್ಕ ತೋರಿಸಿ.

"ಹಾಗಾದ್ರೆ ಇಷ್ಟೊಂದು ನೀರು ಎಲ್ಲಿಂದ ಬರುತ್ತೆ?"

ಮೊದಲು ಟ್ಯಾಂಕಿನ ಮುಚ್ಚಳ ನೋಡಿ. ನಾನು ಕಂಡ ಕೇಸುಗಳಲ್ಲಿ ಜಾಸ್ತಿ ಅಲ್ಲೇ ಮುಗಿದಿವೆ.

ನಮ್ಮದೇ ಆರು ಚಕ್ರದ ಟಿಪ್ಪರ್ ಒಂದಕ್ಕೆ ಒಂದು ಮಳೆಗಾಲದಲ್ಲಿ ಮೂರು ಸಲ ಫಿಲ್ಟರ್ ಹಾಕಿಸಿದೆವು, ಎರಡು ಇಂಜೆಕ್ಟರ್ ರಿಪೇರಿ ಮಾಡಿಸಿದೆವು. ಗ್ಯಾರೇಜಿನವರು ಪಂಪನ್ನೂ ಬಿಚ್ಚಬೇಕು ಅಂದಿದ್ದರು. ಒಂದು ದಿನ ಮಳೆ ಬರುವಾಗ ನಾನೇ ಟ್ಯಾಂಕ್ ಪಕ್ಕ ಕೊಡೆ ಹಿಡಿದು ನಿಂತು ನೋಡಿದೆ. ಬಾಡಿಯ ಮೂಲೆಯಿಂದ ಒಂದು ಧಾರೆ ನೀರು ನೇರ ಡೀಸೆಲ್ ಮುಚ್ಚಳದ ಮೇಲೆ ಬೀಳುತ್ತಿತ್ತು. ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದರೆ ರಬ್ಬರ್ ವಾಷರ್ ಬಿಸ್ಕೆಟ್ ಹಾಗೆ ಪುಡಿಯಾಗಿ ಕೈಗೆ ಬಂತು. ಒಂದು ಕಡೆ ಅರ್ಧ ಇಂಚು ವಾಷರೇ ಇರಲಿಲ್ಲ. ಮುಚ್ಚಳ ಬದಲಾಯಿಸಿದೆವು, ಧಾರೆ ಬೀಳುವ ಜಾಗಕ್ಕೆ ಒಂದು ತಗಡು ಬಗ್ಗಿಸಿ ಹಾಕಿಸಿದೆವು. ಆಮೇಲೆ ಆ ಗಾಡಿಯಲ್ಲಿ ನೀರಿನ ಲೈಟ್ ಬರಲಿಲ್ಲ. ಮೊದಲ ದಿನವೇ ಮುಚ್ಚಳ ನೋಡಿದ್ದರೆ ಅಷ್ಟೂ ದುಡ್ಡು ಉಳಿಯುತ್ತಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಮುಚ್ಚಳ ಕಳೆದುಹೋಗಿ ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ ಓಡಿಸುವವರಿದ್ದಾರೆ. ಆ ಬಟ್ಟೆ ಮಳೆ ನೀರನ್ನು ಬತ್ತಿಯ ಹಾಗೆ ಎಳೆದು ಒಳಗೆ ಬಿಡುತ್ತದೆ. ಇನ್ನೊಂದು ಜಾಗ ಬ್ರೀದರ್, ಅಂದರೆ ಟ್ಯಾಂಕ್ ಉಸಿರಾಡುವ ಸಣ್ಣ ಪೈಪು. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ನನ್ನು ನೇರ ಅದರ ಮೇಲೆ ಹಿಡಿದರೆ ನೀರು ಒಳಗೆ ಹೋಗುತ್ತದೆ. ಬಿಸಿಲಲ್ಲಿ ಓಡಿ ಬಂದ ಬಿಸಿ ಟ್ಯಾಂಕಿಗೆ ತಣ್ಣೀರು ಹೊಡೆದರೆ ಒಳಗಿನ ಗಾಳಿ ಕುಗ್ಗಿ, ಸಂದಿಯಲ್ಲಿ ನಿಂತ ನೀರನ್ನು ತಾನೇ ಎಳೆದುಕೊಳ್ಳುತ್ತದೆ.

"ಬಂಕ್‌ನವರದೇ ತಪ್ಪು ಅಂತ ನನಗೆ ಗ್ಯಾರಂಟಿ ಇದೆ. ಸಾಬೀತು ಮಾಡೋದು ಹೇಗೆ ಸಾರ್?"

ಗ್ಯಾರಂಟಿ ಇದ್ದರೆ ಸಾಲದು, ಬಿಲ್ ಇರಬೇಕು. ಆಮೇಲೆ ಗಲಾಟೆಗೆ ಮೊದಲು ಇದನ್ನು ಕೇಳಿ: ಅದೇ ದಿನ ಅದೇ ಬಂಕ್‌ನಲ್ಲಿ ಹಾಕಿಸಿದ ಬೇರೆ ಗಾಡಿಗಳಿಗೂ ಹೀಗಾಗಿದೆಯಾ? ನೆಲದಡಿಯ ಟ್ಯಾಂಕಿಗೆ ನೀರು ಹೋಗಿದ್ದರೆ ನಿಮ್ಮೊಬ್ಬರಿಗೇ ಆಗುವುದಿಲ್ಲ.

ಎಲ್ಲರೂ ಮೊದಲು ಕೇಳುವುದು ಡೆನ್ಸಿಟಿ ಟೆಸ್ಟ್, ಅಂದರೆ ಒಂದು ಲೀಟರ್ ಡೀಸೆಲ್ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಪರೀಕ್ಷೆ. ಅದನ್ನು ಕೇಳುವುದು ನಿಮ್ಮ ಹಕ್ಕು, ಕೇಳಿ. ಆದರೆ ನೀರನ್ನು ಹಿಡಿಯಲು ಅದು ಅಷ್ಟು ಉಪಯೋಗವಿಲ್ಲ. ಬಂಕ್‌ನ ಡೆನ್ಸಿಟಿಯಲ್ಲಿ 3 ಅಂಕದ ತನಕ ಹೆಚ್ಚು ಕಡಿಮೆಗೆ ಅವಕಾಶ ಇದೆ. 830 ಡೆನ್ಸಿಟಿಯ ಡೀಸೆಲ್‌ಗೆ ನೂರಕ್ಕೆ ಒಂದು ಪಾಲು ನೀರು ಬೆರೆತರೂ ಅದು 831.7 ಆಗುತ್ತದೆ, ಅಂದರೆ ಪಾಸ್! ತಳಕ್ಕೆ ಕೂತ ನೀರಂತೂ ಈ ಟೆಸ್ಟಿಗೆ ಸಿಗುವುದೇ ಇಲ್ಲ. ನೀವು ಕೇಳಬೇಕಾದ್ದು ವಾಟರ್ ಪೇಸ್ಟ್ ಹಚ್ಚಿದ ಡಿಪ್. ಉದ್ದದ ಅಳತೆ ಕೋಲಿನ ತುದಿಗೆ ಪೇಸ್ಟ್ ಹಚ್ಚಿ ನೆಲದಡಿಯ ಟ್ಯಾಂಕಿಗೆ ತಳ ಮುಟ್ಟುವ ತನಕ ಇಳಿಸುತ್ತಾರೆ. ನೀರಿದ್ದಷ್ಟು ಎತ್ತರಕ್ಕೆ ಪೇಸ್ಟಿನ ಬಣ್ಣ ಬದಲಾಗುತ್ತದೆ. ಫೋಟೋ ತೆಗೆದುಕೊಳ್ಳಿ.

ಮಾತಿಗೆ ಬಗ್ಗದಿದ್ದರೆ ಬಂಕ್‌ನಲ್ಲಿ ಬರೆದಿರುವ ಆಯಿಲ್ ಕಂಪನಿಯ ಸೇಲ್ಸ್ ಆಫೀಸರ್ ನಂಬರಿಗೆ ಫೋನ್ ಮಾಡಿ. ಗುಣಮಟ್ಟದ ದೂರನ್ನು ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಗೆ, ಅಳತೆಯ ದೂರನ್ನು ಕಾನೂನು ಮಾಪನ ಇಲಾಖೆಗೆ ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ರಿಪೇರಿ ಖರ್ಚು ಕೇಳುವುದಾದರೆ ಜಿಲ್ಲಾ ಗ್ರಾಹಕರ ಆಯೋಗ, ಅಲ್ಲಿ ಬಿಲ್ಲು, ಬಾಟಲಿ, ಗ್ಯಾರೇಜಿನ ವರದಿ ಮೂರೂ ಬೇಕು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬಿಎಸ್6 ಡೀಸೆಲ್‌ನಲ್ಲಿ ಒಂದು ಕೆಜಿಗೆ 200 ಮಿಲಿಗ್ರಾಂ ತನಕ ನೀರು ಇರಬಹುದು ಅಂತ ನಿಯಮದಲ್ಲೇ ಇದೆ. 300 ಲೀಟರಿಗೆ ಲೆಕ್ಕ ಹಾಕಿದರೆ ಹೆಚ್ಚೆಂದರೆ 50 ಎಂಎಲ್. ಬೌಲ್‌ನಲ್ಲಿ ಅಷ್ಟು ಕಂಡ ಮಾತ್ರಕ್ಕೆ ಬಂಕ್‌ನವರ ಮೇಲೆ ಹೋಗಬೇಡಿ.

"ನಮ್ಮ ಕ್ರಷರಲ್ಲಿ ಬ್ಯಾರಲ್‌ನಲ್ಲಿ ಡೀಸೆಲ್ ಇಡ್ತೀವಿ, ಮುಚ್ಚಳ ಟೈಟಾಗೇ ಇದೆ. ಆದ್ರೂ ನೀರು ಹೇಗೆ?"

ಬ್ಯಾರಲ್ ನೆಟ್ಟಗೆ ನಿಲ್ಲಿಸಿದ್ದೀರಾ? ಹಾಗಾದರೆ ಮಳೆ ನೀರು ಮೇಲಿನ ಅಂಚಿನೊಳಗೆ ತಟ್ಟೆಯ ಹಾಗೆ ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ಕುಗ್ಗಿ ಮುಚ್ಚಳದ ಮರೆಯ ಸಂದಿಯಿಂದ ಆ ನೀರನ್ನೇ ಎಳೆಯುತ್ತದೆ. ಬ್ಯಾರಲ್‌ಗಳನ್ನು ಅಡ್ಡ ಮಲಗಿಸಿ, ಎರಡು ಮುಚ್ಚಳಗಳೂ ಡೀಸೆಲ್‌ನಲ್ಲಿ ಮುಳುಗಿರುವ ಹಾಗೆ ಇಡಿ, ಇಲ್ಲವೇ ಶೀಟಿನಡಿ ಇಡಿ. ಪಂಪಿನ ಪೈಪನ್ನು ತಳಕ್ಕೆ ಮುಟ್ಟಿಸದೆ ನಾಲ್ಕು ಬೆರಳು ಮೇಲೆ ಹಿಡಿದು ತೆಗೆಯಿರಿ.

"ಕ್ಲೀನರ್ ಹುಡುಗ ಗೊತ್ತಾಗದೆ ಡಿಇಎಫ್ ತಗೊಂಡು ಡೀಸೆಲ್ ಟ್ಯಾಂಕಿಗೆ ಸುರಿದಿದ್ದಾನೆ. ನೀರಿನ ಹಾಗೇ ಅಲ್ವಾ ಅದು?"

ಕೀ ಆನ್ ಕೂಡ ಮಾಡಬೇಡಿ. ಕೀ ಆನ್ ಆದರೆ ಕೆಲವು ಗಾಡಿಗಳಲ್ಲಿ ಟ್ಯಾಂಕ್ ಪಂಪ್ ಓಡಿ ಅದನ್ನು ಲೈನಿಗೆ ಎಳೆಯುತ್ತದೆ.

ಡಿಇಎಫ್ ಅಂದರೆ ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ದ್ರವ. ಅದರಲ್ಲಿ 32.5 ಪರ್ಸೆಂಟ್ ಯೂರಿಯಾ, ಉಳಿದದ್ದು ನೀರು. ಬರೀ ನೀರಾದರೆ ತಳಕ್ಕೆ ಕೂತು, ಬಿಟ್ಟರೆ ಹೋಗುತ್ತದೆ. ಇದು ಒಣಗಿದ ಜಾಗದಲ್ಲೆಲ್ಲ ಯೂರಿಯಾ ಹರಳು ಕಟ್ಟುತ್ತದೆ, ಹಿತ್ತಾಳೆ ತಾಮ್ರವನ್ನು ತಿನ್ನುತ್ತದೆ. ಟ್ಯಾಂಕ್ ಇಳಿಸಿ, ತೊಳೆದು, ಒಣಗಿಸಿಯೇ ಮತ್ತೆ ಡೀಸೆಲ್ ಹಾಕಬೇಕು. ಎಂಜಿನ್ ಸ್ಟಾರ್ಟ್ ಆಗಿಲ್ಲದಿದ್ದರೆ ಖರ್ಚು ಅಷ್ಟಕ್ಕೇ ಮುಗಿಯುತ್ತದೆ. ಸ್ಟಾರ್ಟ್ ಆಗಿ ಓಡಿದ್ದರೆ ಪಂಪ್, ರೈಲ್, ಇಂಜೆಕ್ಟರ್ ಎಲ್ಲ ಬಿಚ್ಚಿ ನೋಡಬೇಕಾಗುತ್ತದೆ.

ಡಿಇಎಫ್ ಹೌದೋ ಅಲ್ಲವೋ ಅಂತ ಅನುಮಾನ ಇದ್ದರೆ, ಬಾಟಲಿಯ ತಳದ ನೀರನ್ನು ನಾಲ್ಕು ಹನಿ ಗಾಜಿನ ಮೇಲೆ ಹಾಕಿ ಬಿಸಿಲಿಗೆ ಇಡಿ. ಒಣಗಿದ ಮೇಲೆ ಬಿಳಿ ಹರಳಿನ ಪೊರೆ ಉಳಿದರೆ ಡಿಇಎಫ್. ಮಳೆ ನೀರಾದರೆ ಹೆಚ್ಚು ಕಡಿಮೆ ಏನೂ ಉಳಿಯುವುದಿಲ್ಲ.

ಹುಡುಗನನ್ನು ಬೈಯಬೇಡಿ. ನೀಲಿ ಮುಚ್ಚಳ ಡಿಇಎಫ್‌ಗೆ ಅಂತ ಅವನಿಗೆ ಯಾರಾದರೂ ತೋರಿಸಿಕೊಟ್ಟಿದ್ದರಾ? ಹೇಳಿದ್ದಾನಲ್ಲ, ಅದು ದೊಡ್ಡದು. ಹೆದರಿ ಮುಚ್ಚಿಟ್ಟಿದ್ದರೆ ಗಾಡಿ ಸ್ಟಾರ್ಟ್ ಆಗಿರುತ್ತಿತ್ತು. ಎರಡೂ ಟ್ಯಾಂಕಿನ ಪಕ್ಕ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಪೇಂಟ್ ಮಾಡಿಸಿ, ಎರಡಕ್ಕೂ ಬೇರೆ ಬೇರೆ ಆಲಿಕೆ ಇಡಿ.

## ಗ್ಯಾರೇಜಿಗೆ ಹೋದ ಮೇಲೆ

"ಸ್ವಲ್ಪ ಸ್ಪಿರಿಟ್ಟೋ ಸೀಮೆಎಣ್ಣೆಯೋ ಹಾಕಿದ್ರೆ ನೀರು ಸುಟ್ಟು ಹೋಗುತ್ತೆ ಅಂತಾರೆ?"

ನೀರು ಸುಡುವ ವಸ್ತುವಲ್ಲ. ಸ್ಪಿರಿಟ್ ಹಾಕಿದರೆ ತಳದಲ್ಲಿದ್ದ ನೀರು ಅದರ ಜೊತೆ ಬೆರೆತು ಮೇಲೇಳಬಹುದು, ಸೆಪರೇಟರ್ ಹಿಡಿಯಲಾಗದೆ ನೇರ ಪಂಪಿಗೇ ಹೋಗಬಹುದು. ಸೀಮೆಎಣ್ಣೆಗೆ ಜಿಡ್ಡು ಕಡಿಮೆ, ಈಗಿನ ಪಂಪಿಗೆ ಅದೂ ಹಾನಿ. ನೀರು ತೆಗೆಯುವ ದಾರಿ ಒಂದೇ, ಕೆಳಗಿನಿಂದ ಹೊರಗೆ ಬಿಡುವುದು.

"ನೀರು ಬಿಟ್ಟೆ, ಎರಡೂ ಫಿಲ್ಟರ್ ಹೊಸದು ಹಾಕಿದೆ. ಮೂರೇ ದಿನಕ್ಕೆ ಮತ್ತೆ ಲೈಟ್!"

ಮೊದಲು ಬೌಲ್ ಬಿಟ್ಟು ನೋಡಿ, ನಿಜಕ್ಕೂ ನೀರು ಬಂತಾ? ಬರೀ ಡೀಸೆಲ್ ಬಂದರೆ ಸುಳ್ಳು ಲೈಟ್. ಸೆನ್ಸಾರ್ ಸಾಕೆಟ್ ಬಿಚ್ಚಿ, ಒಳಗೆ ನೀರು ಹೋಗಿ ಪಿನ್ನುಗಳು ಹಸಿರು ಹಿಡಿದಿವೆಯಾ ನೋಡಿ. ವೈರ್ ಉಜ್ಜಿ ಚಾಸಿಸ್‌ಗೆ ತಗುಲಿದರೂ ಹೀಗಾಗಬಹುದು.

ನೀರೇ ಬಂದರೆ ಟ್ಯಾಂಕಿನಲ್ಲಿ ಇನ್ನೂ ಇದೆ ಅಂತ. ನಾನು ಪಾಲಿಸುವುದು ಹೀಗೆ. ಮೂರು ಸಲ ಬೌಲ್ ಬಿಟ್ಟ ಮೇಲೂ ನೀರು ಬಂದರೆ ಟ್ಯಾಂಕ್ ಖಾಲಿ ಮಾಡಲೇಬೇಕು. ತಳದ ಬೋಲ್ಟ್ ತೆಗೆದು ಸುಮ್ನೆ ಹರಿಯಬಿಟ್ಟರೆ ಸಾಲದು. ದೊಡ್ಡ ಟ್ಯಾಂಕಿನೊಳಗೆ ಡೀಸೆಲ್ ಕುಲುಕದ ಹಾಗೆ ಅಡ್ಡ ತಗಡುಗಳಿರುತ್ತವೆ, ಅವುಗಳ ಮೂಲೆಯಲ್ಲಿ ನೀರು ಉಳಿಯುತ್ತದೆ. ಟ್ಯಾಂಕ್ ಇಳಿಸಿ, ಬಗ್ಗಿಸಿ, ತೊಳೆದು, ಒಳಗೆ ಬೆಳಕು ಬಿಟ್ಟು ನೋಡಬೇಕು, ಅದೂ ಬಲ್ಬ್ ಇಳಿಸಿ ಅಲ್ಲ, ಹೊರಗಿನಿಂದ ಟಾರ್ಚ್ ಹಿಡಿದು. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಬೇಕಿದ್ದರೆ ಅದು ಅರಿತವರ ಕೆಲಸ, ಒಳಗಿನ ಆವಿಗೆ ಸಿಡಿಯುತ್ತದೆ.

ಹೊಸ ಫಿಲ್ಟರ್ ಹಾಕುವಾಗ ಅದಕ್ಕೆ ಕ್ಯಾನಿನಿಂದ ಡೀಸೆಲ್ ತುಂಬಿಸಿ ಹಾಕುವ ಹಳೇ ಪದ್ಧತಿ ಬೇಡ. ಆ ಡೀಸೆಲ್ ಸೋಸಿಲ್ಲ, ನೇರ ಪಂಪಿಗೆ ಹೋಗುತ್ತದೆ. ಖಾಲಿ ಹಾಕಿ, ಪ್ರೈಮರ್‌ನಿಂದ ತುಂಬಿಸಿ.

"ಫಿಲ್ಟರ್ ಬಿಚ್ಚಿದ್ರೆ ಕಪ್ಪು ಲೋಳೆ ಥರ ಏನೋ ಇದೆ, ಕೆಟ್ಟ ವಾಸನೆ. ಇದೇನು?"

ಬೂಷ್ಟು. ತಮಾಷೆಯಲ್ಲ, ಡೀಸೆಲ್‌ನಲ್ಲೂ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವು ಬದುಕುವುದು ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ, ಇರಲು ನೀರು, ತಿನ್ನಲು ಡೀಸೆಲ್. ತಿಂಗಳುಗಟ್ಟಲೆ ನಿಂತ ಗಾಡಿ, ಜನರೇಟರ್ ಟ್ಯಾಂಕುಗಳಲ್ಲಿ ಇದು ಜಾಸ್ತಿ. ಇದನ್ನು ಕೊಲ್ಲುವ ಔಷಧಿ ಸಿಗುತ್ತದೆ, ಆದರೆ ನೀರು ತೆಗೆಯದೆ ಔಷಧಿ ಹಾಕಿದರೆ ಮತ್ತೆ ಬೆಳೆಯುತ್ತದೆ. ಸತ್ತ ಲೋಳೆ ಎದ್ದು ಬಂದು ಫಿಲ್ಟರ್ ಕಟ್ಟುತ್ತದೆ, ಆದ್ದರಿಂದ ಒಂದೆರಡು ಫಿಲ್ಟರ್ ಹೆಚ್ಚಿಗೆ ಇಟ್ಟುಕೊಳ್ಳಿ. ಕೈಗವಸು ಹಾಕಿಕೊಂಡೇ ಮುಟ್ಟಿ.

"ನಾಲ್ಕೂ ಇಂಜೆಕ್ಟರ್ ಹೋಗಿದೆ, ಸೆಟ್ ಬದಲಾಯಿಸಿ ಅಂತಿದ್ದಾರೆ. ನಿಜಾನಾ ಅಂತ ಹೇಗೆ ತಿಳ್ಕೊಳ್ಳೋದು?"

ಮೂರು ವಿಷಯ ಕೇಳಿ. ಸ್ಕ್ಯಾನರ್ ಹಾಕಿ ರೈಲ್ ಪ್ರೆಷರ್ ತೋರಿಸಿ ಅನ್ನಿ, ಎಂಜಿನ್ ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಎರಡೂ ಸ್ಕ್ರೀನಿನಲ್ಲಿ ಕಾಣುತ್ತದೆ. ಆಮೇಲೆ ರಿಟರ್ನ್ ಟೆಸ್ಟ್: ಪ್ರತಿ ಇಂಜೆಕ್ಟರ್‌ನಲ್ಲಿ ಮಿಕ್ಕ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಓಡಿಸುತ್ತಾರೆ. ಒಂದು ಬಾಟಲಿ ಬೇರೆಯವುಗಳಿಗಿಂತ ಬಹಳ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ನಾಲ್ಕೂ ಒಂದೇ ಸಮ, ಕಂಪನಿ ಹೇಳಿದ ಮಿತಿಯೊಳಗೆ ಇದ್ದರೆ ಇಂಜೆಕ್ಟರ್ ಬದಲಾಯಿಸಲು ಅವಸರ ಮಾಡಬೇಡಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ತೆಗೆದ ಹಳೇ ಫಿಲ್ಟರನ್ನು ಬಿಸಾಡಲು ಬಿಡಬೇಡಿ, ಕತ್ತರಿಸಿ ಒಳಗಿನ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ ನೋಡಿ. ಕಂದು ಕಲೆ ಇದ್ದರೆ ತುಕ್ಕು, ಅಂದರೆ ನೀರು ಇವತ್ತಿನದಲ್ಲ, ಬಹಳ ದಿನದಿಂದ ಇದೆ. ಕಪ್ಪು ಲೋಳೆ ಇದ್ದರೆ ಬೂಷ್ಟು. ಬಿಸಿಲಿಗೆ ಹಿಡಿದಾಗ ಜರಿಯ ಹಾಗೆ ಮಿನುಗುವ ಪುಡಿ ಕಂಡರೆ ಎಲ್ಲೋ ಲೋಹ ಸವೆಯುತ್ತಿದೆ. ಪಂಪಿನಿಂದಾಚೆ, ರೈಲ್ ಒಳಗೋ ರಿಟರ್ನ್ ಲೈನಿನಲ್ಲೋ ಅದೇ ಪುಡಿ ಸಿಕ್ಕಿದರೆ ಪಂಪೇ ಸವೆಯುತ್ತಿದೆ ಅಂತ. ಆಗ ಬರೀ ಇಂಜೆಕ್ಟರ್ ಹಾಕಿದರೆ ಹೊಸವೂ ಹೋಗುತ್ತವೆ. ಪಂಪ್, ರೈಲ್, ಪೈಪು, ಟ್ಯಾಂಕ್ ಎಲ್ಲ ಒಟ್ಟಿಗೆ ನೋಡಬೇಕು. ಹೊಸ ಇಂಜೆಕ್ಟರ್ ಹಾಕಿದರೆ ಅದರ ಮೇಲಿನ ಕೋಡನ್ನು ಸ್ಕ್ಯಾನರ್‌ನಲ್ಲಿ ಹಾಕಿದ್ದಾರಾ ಅಂತಲೂ ಕೇಳಿ. ಬಹಳ ಎಂಜಿನ್‌ಗಳಿಗೆ ಅದು ಬೇಕೇ ಬೇಕು.

"ಹೊಳೆ ಉಕ್ಕಿ ಗಾಡಿ ಅರ್ಧ ದಿನ ನೀರಲ್ಲಿ ನಿಂತಿತ್ತು. ಈಗ ಸ್ಟಾರ್ಟ್ ಮಾಡಿ ನೋಡಲಾ?"

ಮಾಡಬೇಡಿ. ಡೀಸೆಲ್ ಟ್ಯಾಂಕಿಗಿಂತ ಮೊದಲು ಏರ್ ಫಿಲ್ಟರ್, ಎಂಜಿನ್ ಆಯಿಲ್ ನೋಡಬೇಕು. ಸಿಲಿಂಡರ್‌ನಲ್ಲಿ ನೀರಿದ್ದು ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರು ಎಲ್ಲಿಯ ತನಕ ಏರಿತ್ತು ಅಂತ ಕಲೆ ಕಾಣುವ ಹಾಗೆ ಫೋಟೋ ತೆಗೆದು, ಇನ್ಶೂರೆನ್ಸ್‌ನವರಿಗೆ ತಿಳಿಸಿ, ಎಳೆಸಿಕೊಂಡು ಹೋಗಿ. ಫುಲ್ ಇನ್ಶೂರೆನ್ಸ್ ಇದ್ದರೆ ಪ್ರವಾಹದ ಹಾನಿ ಅದರಲ್ಲಿ ಬರುತ್ತದೆ, ಆದರೆ ಮುಳುಗಿದ ಮೇಲೆ ಸ್ಟಾರ್ಟ್ ಮಾಡಿ ಹಾಳಾದದ್ದಕ್ಕೆ ತಕರಾರು ಮಾಡುತ್ತಾರೆ.

"ತೆಗೆದ ನೀರು ಮಿಶ್ರಿತ ಡೀಸೆಲ್ ನೂರು ಲೀಟರ್ ಇದೆ. ಚೆಲ್ಲೋಕೆ ಮನಸ್ಸಿಲ್ಲ"

ಚೆಲ್ಲಲೇಬೇಡಿ, ಚರಂಡಿಗಂತೂ ಬೇಡ, ಊರಿನ ಬಾವಿಗೇ ಹೋಗಿ ಸೇರುತ್ತದೆ. ಬರೀ ಮಳೆ ನೀರು ಸೇರಿದ್ದಾದರೆ ಮುಚ್ಚಳ ಇರುವ ಬ್ಯಾರಲ್‌ನಲ್ಲಿ ಎರಡು ಮೂರು ದಿನ ಅಲ್ಲಾಡಿಸದೆ ಇಡಿ. ಮೇಲಿನ ಮುಕ್ಕಾಲು ಭಾಗವನ್ನು ಮೆಲ್ಲಗೆ ತೆಗೆದು, ಬಾಟಲಿಯಲ್ಲಿ ನೋಡಿ, ಹೊಳಪಾಗಿ ತಿಳಿಯಾಗಿದ್ದರೆ ಹಳೇ ಮೆಕ್ಯಾನಿಕಲ್ ಪಂಪಿನ ಎಂಜಿನ್‌ಗೆ ಬಟ್ಟೆಯಲ್ಲಿ ಸೋಸಿ ಬಳಸಬಹುದು. ಬಿಎಸ್6 ಗಾಡಿಗೆ ವಾಪಸ್ ಹಾಕಬೇಡಿ. ಡಿಇಎಫ್ ಸೇರಿದ್ದು, ಲೋಳೆ ಬಂದದ್ದು ಯಾವ ಎಂಜಿನ್‌ಗೂ ಬೇಡ. ಅದನ್ನೂ ತಳದ ಕೊಳಕನ್ನೂ ವೇಸ್ಟ್ ಆಯಿಲ್ ತೆಗೆದುಕೊಳ್ಳಲು ಪರವಾನಗಿ ಇರುವವರಿಗೆ ಕೊಡಿ. ಬ್ಯಾರಲ್ ಮೇಲೆ "ನೀರು ಸೇರಿದ ಡೀಸೆಲ್" ಅಂತ ಬರೆದಿಡಿ, ಇಲ್ಲದಿದ್ದರೆ ಇನ್ನೊಂದು ವಾರಕ್ಕೆ ಯಾರೋ ಅದನ್ನೇ ಇನ್ನೊಂದು ಗಾಡಿಗೆ ಹಾಕಿರುತ್ತಾರೆ.